ಬಟ್ಟೆಯ ಬೆನ್ನು

ವಿಮರ್ಶೆ ಅಂದರೆ ಪುಸ್ತಕದ ವಿಮರ್ಶೆ ಎಂದು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ನಮಗೆ ಕಲಿಸಿಕೊಟ್ಟಿವೆ. ಕವಿತೆಯ ಲಯ, ಕಾದಂಬರಿಯ ತಂತ್ರ, ನಾಟಕದ ಸಂಘರ್ಷ ಎಲ್ಲವನ್ನೂ ಎಳೆ ಎಳೆಯಾಗಿ ಬಿಡಿಸಿಡುವ ಮೇಷ್ಟ್ರುಗಳು ತಮ್ಮ ಮೈಮೇಲಿನ ಎಳೆಯ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಆದರೆ ಅಕ್ಷರ ಮುಟ್ಟದ ನಮ್ಮ ಕೇರಿಗಳಲ್ಲಿ ತಲೆತಲಾಂತರದಿಂದ ಜನ ಒಬ್ಬರನ್ನೊಬ್ಬರು ಓದಿದ್ದೇ ಬಟ್ಟೆಯಿಂದ. ಧೋತರ ಮೊಣಕಾಲಿನ ಮೇಲಿರಬೇಕಾದವರು ಯಾರು, ಕೆಳಗೆ ಬಿಡಬಹುದಾದವರು ಯಾರು, ಯಾರ ಮನೆ ಮುಂದೆ ಹಾಯುವಾಗ ಹೆಗಲ ಮೇಲಿನ ಟವೆಲ್ಲು ಕಂಕುಳಿಗೆ ಇಳಿಯಬೇಕು, ಇದೆಲ್ಲ ಬರೆಯದೆ ಇದ್ದ ವ್ಯಾಕರಣ. ಬರೆದದ್ದೂ ಉಂಟು. ಮನುಸ್ಮೃತಿಯ 10ನೇ ಅಧ್ಯಾಯ ಚಾಂಡಾಲರಿಗೆ ಹೆಣದ ಮೇಲಿನ ಬಟ್ಟೆಯನ್ನು ಉಡುಪೆಂದು ವಿಧಿಸಿತು. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಆ ಪುಸ್ತಕಕ್ಕೆ ಬೆಂಕಿ ಇಡಿಸಿದರು. ಅಲ್ಲೇ ನೆರೆದಿದ್ದ ಹೆಣ್ಣುಮಕ್ಕಳಿಗೆ ಸೀರೆ ಉಡುವ ರೀತಿಯನ್ನು ಬದಲಿಸಿಕೊಳ್ಳಿ, ನೋಡಿದ ತಕ್ಷಣ ಜಾತಿ ಹೇಳುವ ಗುರುತುಗಳನ್ನು ಮೈಮೇಲಿಂದ ಕಿತ್ತೆಸೆಯಿರಿ ಎಂದು ಹೇಳಿದರು. ಪುಸ್ತಕ ಸುಡುವುದು, ಸೀರೆ ಬೇರೆ ರೀತಿ ಉಡುವುದು ಎರಡೂ ಒಂದೇ ಹೋರಾಟದ ಕೆಲಸ ಎಂದು ಅವರು ತಿಳಿದಿದ್ದರು. ಬಟ್ಟೆ ವಿಮರ್ಶೆಗೆ ತಕ್ಕ ವಸ್ತುವೋ ಅಲ್ಲವೋ ಎಂದು ಇನ್ನೂ ಅನುಮಾನ ಇರುವವರು ಇದನ್ನು ನೆನೆಯಲಿ.

ಈಗ ನಾನು ಎತ್ತಿಕೊಂಡಿರುವುದು ನಮ್ಮ ಕುರುಗೋಡಿನ ಸಂತೆ, ದೊಡ್ಡಬಸವೇಶ್ವರನ ಜಾತ್ರೆಯ ಅಂಗಡಿಸಾಲು, ಬಳ್ಳಾರಿಯ ಬಟ್ಟೆ ಬಜಾರು ಎಲ್ಲ ಕಡೆ ಹರಡಿ ಕೂತಿರುವ ಒಂದು ವಸ್ತು. ಓದು ಬಾರದ ಮುದುಕಿಯರ ಬಾಯಲ್ಲೂ ಅದರ ಹೆಸರು ನೆಲೆ ನಿಂತಿದೆ. "ಡಿಜಿಟಲ್ ಪ್ರಿಂಟ್ ಸೀರಿ ಬಂದಾವ, ತೋರಸ್ಲಾ ಅಕ್ಕಾ?" ಅಂತ ಅಂಗಡಿ ಹುಡುಗ ಕೇಳುತ್ತಾನೆ. ಅಕ್ಕ ತೋರಿಸು ಅನ್ನುತ್ತಾಳೆ. 300-400 ರೂಪಾಯಿಗೆ ಒಂದು ಹೂದೋಟವೇ ಬಿಚ್ಚಿಕೊಳ್ಳುತ್ತದೆ. ಇಳಕಲ್ಲಿನ ಸೆರಗು, ಧಾರವಾಡ ಸೀಮೆಯ ಕಸೂತಿ, ಗುಳೇದಗುಡ್ಡದ ಖಣ, ಆಂಧ್ರದ ಕಲಂಕಾರಿ, ಪೋಚಂಪಲ್ಲಿಯ ಇಕ್ಕತ್, ಯಾವುದು ಬೇಕು? ಎಲ್ಲ ಒಂದೇ ಪಾಲಿಯೆಸ್ಟರ್ ಮೇಲೆ, ಒಂದೇ ಬೆಲೆಗೆ.

ಅವುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ತಿರುವಿ ನೋಡುತ್ತೇನೆ. ಲಂಬಾಣಿ ಕಸೂತಿಯ ಚಿತ್ರ ಅಚ್ಚಾದ ಸೀರೆ.

ದೂರದಿಂದ ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಕೆಂಪು, ಹಳದಿ, ಕರಿನೀಲಿ ದಾರದ ಸಾಲುಗಳು, ನಡುನಡುವೆ ಕನ್ನಡಿ, ಅಂಚಿಗೆ ಕವಡೆ. ಹತ್ತಿರ ಹೋಗಿ ಕೈ ಇಟ್ಟರೆ ಬೆರಳಿಗೆ ಏನೂ ಸಿಗುವುದಿಲ್ಲ. ಎಲ್ಲ ನುಣುಪು. ಕನ್ನಡಿ ಇರಬೇಕಾದ ಕಡೆ ಒಂದು ಬೂದು ದುಂಡು, ಅದರ ಮೇಲೆ ಬಿಳಿ ಗೀಟು. ಯಾರೋ ಒಂದು ದಿನ ಯಾವುದೋ ದೀಪದ ಕೆಳಗೆ ಆ ಕಸೂತಿಯ ಫೋಟೋ ತೆಗೆದಾಗ ಹೊಳೆದ ಹೊಳಪು ಅದು. ಈಗ ಉಟ್ಟವಳು ಬಿಸಿಲಿಗೆ ನಿಂತರೂ ನೆರಳಿಗೆ ನಿಂತರೂ ಆ ಹೊಳಪು ಅಲ್ಲೇ ಸತ್ತು ಬಿದ್ದಿರುತ್ತದೆ. ಎದುರಿಗೆ ನಿಂತವರ ಮುಖ ಈ ಕನ್ನಡಿಯಲ್ಲಿ ಕಾಣುವುದಿಲ್ಲ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ದಾರದ ಪಕ್ಕದಲ್ಲಿ ಒಂದು ಸಣ್ಣ ಕಪ್ಪು ಗೆರೆ. ಎದ್ದು ನಿಂತ ದಾರದ ನೆರಳು ಅದು. ದಾರ ಬರಲಿಲ್ಲ, ದಾರದ ನೆರಳು ಬಂದಿದೆ. ಸೂರ್ಯ ಪೂರ್ವಕ್ಕಿದ್ದರೂ ಪಶ್ಚಿಮಕ್ಕಿದ್ದರೂ ಸೀರೆ ತುಂಬ ನೆರಳು ಒಂದೇ ದಿಕ್ಕಿಗೆ ಬೀಳುತ್ತದೆ.

ಒಂದು ಕಡೆ ಒಂದು ಹೊಲಿಗೆ ಸೊಟ್ಟಗಾಗಿದೆ. ಮೊದಲು ನಾನು ಇದನ್ನು ಗಮನಿಸಲಿಲ್ಲ. ಆಮೇಲೆ ನೋಡಿದರೆ ಅದೇ ಸೊಟ್ಟ ಹೊಲಿಗೆ ಒಂದೆರಡು ಮೊಳ ದಾಟಿ ಮತ್ತೆ ಬರುತ್ತದೆ, ಇನ್ನಷ್ಟು ದಾಟಿ ಮತ್ತೆ. ಎಲ್ಲೋ ಒಂದು ತಾಂಡಾದಲ್ಲಿ ಒಬ್ಬ ಹೆಣ್ಣುಮಗಳು ಸಂಜೆ ಕೂಲಿಯಿಂದ ಬಂದು, ಕಣ್ಣು ತೂಗುವ ಹೊತ್ತಲ್ಲಿ ಹಾಕಿದ ಒಂದು ಹೊಲಿಗೆ ಇರಬೇಕು. ಆಕೆಯ ಆ ಒಂದು ಗಳಿಗೆಯ ದಣಿವನ್ನು ಯಂತ್ರ ನಕಲು ಮಾಡಿ ಸಾವಿರಾರು ಗಜ ಹಾಸಿದೆ. ಆಕೆಗೆ ಬಂದ ಕೂಲಿ ಒಂದು ತುಂಡಿನದು, ಅದೂ ಬಂದಿದ್ದರೆ.

ಈಗ ಸೀರೆಯನ್ನು ತಿರುಗಿಸಿ. ಬೆನ್ನು ಬಿಳಿಚಿಕೊಂಡಿದೆ. ಮುಂದಿನ ಬಣ್ಣ ಅಲ್ಲಲ್ಲಿ ಮಸುಕಾಗಿ ಒಸರಿದ್ದು ಬಿಟ್ಟರೆ ಹಿಂದೆ ಏನೂ ನಡೆದಿಲ್ಲ.

ಕೈಕೆಲಸದ ಬಟ್ಟೆಗೆ ಬೆನ್ನು ಅನ್ನುವುದು ಸಾಕ್ಷಿ ಇದ್ದಂತೆ. ಗಾವಂತಿ, ಮುರ್ಗಿ ಎಂಬ ಕಸೂತಿಯ ಹೊಲಿಗೆಗಳಲ್ಲಿ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣಬೇಕು, ಗಂಟು ಇರಕೂಡದು. ಕಲಿಸುವ ಅಜ್ಜಿ ಮೊದಲು ನೋಡುವುದೇ ಹಿಂಭಾಗವನ್ನು. ಲಂಬಾಣಿ ಕೆಲಸದಲ್ಲಿ ಬೆನ್ನ ಮೇಲೆ ದಾರ ಎಲ್ಲಿಂದ ಎಲ್ಲಿಗೆ ಹಾರಿತು, ಎಲ್ಲಿ ತೀರಿತು, ಎಲ್ಲಿ ಬೇರೆ ದಾರ ಹಿಡಿದಳು ಎಲ್ಲ ಬರೆದಿಟ್ಟಂತೆ ಇರುತ್ತದೆ. ದುಡಿಮೆಯ ಚರಿತ್ರೆ ಯಾವಾಗಲೂ ಬೆನ್ನ ಮೇಲೇ ಇರುತ್ತದಲ್ಲವೆ? ಈ ಅಚ್ಚಿನ ಸೀರೆಗೆ ಮುಖ ಉಂಟು, ಬೆನ್ನಿಲ್ಲ. ಇದು ನನ್ನ ಮೊದಲ ತಕರಾರು.

ಅಚ್ಚು ಹೇಗೆ ಆಗುತ್ತದೆ ಎಂಬುದನ್ನೂ ತಿಳಿಯಬೇಕು. ಯಂತ್ರವನ್ನು ದೆವ್ವ ಮಾಡಿ ಬೈಯುವುದು ಸುಲಭ, ಅದು ನಮ್ಮ ದಾರಿಯಲ್ಲ. ಹಳೆಯ ಕಾಲದಲ್ಲಿ ಮರದ ಅಚ್ಚು, ಆಮೇಲೆ ತಾಮ್ರದ ಉರುಳೆ, ಆಮೇಲೆ ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ಹತ್ತು ಬಣ್ಣಕ್ಕೆ ಹತ್ತು ಪರದೆ ಬೇಕಾದ್ದರಿಂದ ಬಣ್ಣದಲ್ಲಿ ಜಿಪುಣತನ ಅನಿವಾರ್ಯವಾಗಿತ್ತು. ಡಿಜಿಟಲ್ ಯಂತ್ರಕ್ಕೆ ಪರದೆಯೂ ಬೇಡ ಅಚ್ಚೂ ಬೇಡ. ಕಂಪ್ಯೂಟರಿನಲ್ಲಿರುವ ಚಿತ್ರವನ್ನು ಸಣ್ಣ ಸಣ್ಣ ಹನಿಗಳಾಗಿ ಬಟ್ಟೆಯ ಮೇಲೆ ಸಿಡಿಸುತ್ತದೆ. ಅಗ್ಗದ ಸೀರೆಗಳಿಗೆ ಹೆಚ್ಚಾಗಿ ಬಳಸುವುದು ಇನ್ನೊಂದು ಕ್ರಮ: ಚಿತ್ರವನ್ನು ಮೊದಲು ಕಾಗದದ ಮೇಲೆ ಒತ್ತಿ, ಆ ಕಾಗದವನ್ನು ಬಟ್ಟೆಗೆ ಅಂಟಿಸಿ ಸುಮಾರು 200 ಡಿಗ್ರಿ ಶಾಖದಲ್ಲಿ ಅಮುಕಿದರೆ, ಬಣ್ಣ ಹೊಗೆಯಾಗಿ ಎದ್ದು ಎಳೆಯೊಳಗೆ ಹೊಕ್ಕು ಕೂರುತ್ತದೆ. ಈ ಕ್ರಮ ಪಾಲಿಯೆಸ್ಟರಿಗೆ ಮಾತ್ರ ಒಗ್ಗುತ್ತದೆ. ಹತ್ತಿ ಒಪ್ಪುವುದಿಲ್ಲ. ಹತ್ತಿಗೆ ಅಚ್ಚು ಹಾಕಬೇಕಾದರೆ ಮೊದಲು ಸೋಡಾ, ಯೂರಿಯಾ, ಅಂಟು ಬಳಿದು ಒಣಗಿಸಿ, ಬೇರೆ ಜಾತಿಯ ಶಾಯಿ ಸಿಡಿಸಿ, ಹಬೆಯಲ್ಲಿ ಬೇಯಿಸಿ, ತೊಳೆಯಬೇಕು. ಖರ್ಚು ಜಾಸ್ತಿ.

ಇದರ ಅರ್ಥ ಏನು ಅಂತ ನಮ್ಮ ಕುರುಗೋಡಿನ ಎರಿ ಹೊಲದಲ್ಲಿ ನಿಂತು ನೋಡಬೇಕು. ಕಾಲುವೆ ನೀರು ಕಂಡ ಕಡೆ ಬತ್ತ, ಉಳಿದ ಕಡೆ ಹತ್ತಿ, ಮೆಣಸಿನಕಾಯಿ. ಬೆಳಗ್ಗೆ ಟಂಟಂ ಗಾಡಿಯಲ್ಲಿ ತುಂಬಿಕೊಂಡು ಹೋಗಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳು ಉಟ್ಟಿರುವುದು ಪಾಲಿಯೆಸ್ಟರ್. ಮೇಲೆ ಗಂಡನದೋ ಮಗನದೋ ಹಳೆಯ ತುಂಬುತೋಳಿನ ಅಂಗಿ, ಅದೂ ಪಾಲಿಯೆಸ್ಟರ್. ಉಡಿ ತುಂಬ ಹತ್ತಿ, ಮೈಮೇಲೆ ಹತ್ತಿಯ ಒಂದು ಎಳೆಯೂ ಇಲ್ಲ. ಬಂಡವಾಳಶಾಹಿ ಅಂದರೇನು ಎಂದು ಅಧ್ಯಯನ ಶಿಬಿರಗಳಲ್ಲಿ ನಾವು ತಾಸುಗಟ್ಟಲೆ ವಿವರಿಸುತ್ತೇವಲ್ಲ, ಗೆಳೆಯರೆ, ಒಂದು ಸಲ ಆ ಹೊಲದ ಬದುವಿನ ಮೇಲೆ ನಿಂತರೆ ಸಾಕು.

ಇಷ್ಟು ಬರೆದ ಮೇಲೆ ನಗರದ ಕರಕುಶಲಪ್ರೇಮಿಗಳು ಚಪ್ಪಾಳೆ ತಟ್ಟುತ್ತಾರೆಂದು ನನಗೆ ಗೊತ್ತು. 'ನೋಡಿ, ಕೈಮಗ್ಗವೇ ಶ್ರೇಷ್ಠ, ಯಂತ್ರದ್ದೆಲ್ಲ ಕಸ' ಎಂದು ಹಳ್ಳಿಯ ಹುಡುಗನೇ ಹೇಳಿಬಿಟ್ಟ ಎನ್ನುತ್ತಾರೆ. ಅವರ ಚಪ್ಪಾಳೆ ನನಗೆ ಬೇಡ. ಅವರ ಸೌಂದರ್ಯಪ್ರಜ್ಞೆಗೂ ನಮ್ಮದಕ್ಕೂ ನಡುವೆ ಒಂದು ಊರಗೋಡೆ ಇದೆ. ಅವರು ಕೈ ಎಂದು ಹೇಳುವಾಗ ಆ ಕೈ ಯಾವ ಕೇರಿಯದು ಎಂದು ಕೇಳುವುದಿಲ್ಲ. ಕೈಯಿಂದ ಮಾಡಿದ್ದೆಲ್ಲ ಪವಿತ್ರವಾದರೆ ಚರಂಡಿ ಬಾಚಿದ ಕೈ, ಚರ್ಮ ಹದ ಮಾಡಿದ ಕೈ, ಬಣ್ಣದ ತೊಟ್ಟಿಯಲ್ಲಿ ಮೊಣಕೈವರೆಗೆ ಅದ್ದಿ ಸೀಳುಬಿಟ್ಟ ಕೈ ಇವೆಲ್ಲ ಯಾವ ಗುಡಿಯಲ್ಲಿ ಪೂಜೆಗೊಂಡಿವೆ? ನಂಜನಗೂಡು ತಾಲೂಕಿನ ಬದನವಾಳು ಹೆಸರಾದ ಖಾದಿ ಕೇಂದ್ರ. ಅದೇ ಊರಲ್ಲಿ 1993ರ ಮಾರ್ಚ್‌ನಲ್ಲಿ ಗುಡಿ ಪ್ರವೇಶದ ಜಗಳದ ಬೆನ್ನಿಗೆ ಮೂವರು ದಲಿತರನ್ನು ಕೊಂದರು. ಚರಕ ತಿರುಗಿದ ಊರಿನಲ್ಲಿ ಕೊಲೆ ನಿಲ್ಲಲಿಲ್ಲ. ಮುಂದೆ 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಆ ಊರಲ್ಲೇ ಕೈಉತ್ಪನ್ನಗಳ ಪರವಾಗಿ ಸತ್ಯಾಗ್ರಹ ಕೂತರು. 2017ರಲ್ಲಿ ಕೈಉತ್ಪನ್ನಗಳ ಮೇಲೆ ಜಿಎಸ್‌ಟಿ ಬೇಡ ಎಂದು ಮತ್ತೆ ಚಳವಳಿ ಹೂಡಿದರು. ತೆರಿಗೆಯ ಪ್ರಶ್ನೆಯಲ್ಲಿ ನಾನು ಅವರ ಪಕ್ಕ ನಿಲ್ಲುತ್ತೇನೆ. ನೇಕಾರನ ಸೀರೆಗೂ ಕಾರ್ಖಾನೆಯ ಮಾಲಿಗೂ ಒಂದೇ ತಕ್ಕಡಿ ಹಿಡಿಯುವುದು ಅನ್ಯಾಯ. ಆದರೆ ಸರಳ ಬದುಕು ಎಂಬ ಮಾತು ಬಂದಾಗ ನನ್ನ ಕಿವಿ ನೆಟ್ಟಗಾಗುತ್ತದೆ. ನಮ್ಮವರು ಸರಳವಾಗಿ ಬದುಕಿದ್ದು ಆಯ್ಕೆಯಿಂದಲ್ಲ. ಗಾಂಧಿ ಬಟ್ಟೆ ಬಿಚ್ಚಿ ಮಹಾತ್ಮರಾದರು, ಅಂಬೇಡ್ಕರ್ ಸೂಟು ತೊಟ್ಟು ನಮ್ಮವರಾದರು. ಎರಡೂ ರಾಜಕೀಯವೇ. ಬಿಚ್ಚುವುದಕ್ಕೆ ಮೊದಲು ಇರಬೇಕು.

ನಮ್ಮವ್ವನ ಮಾತು ಇಲ್ಲಿ ಹೇಳಬೇಕು. ಆಕೆಯ ಟ್ರಂಕಿನಲ್ಲಿ ಒಂದು ಇಳಕಲ್ ಸೀರೆ ಇದೆ, ಮದುವೆಯದು. ವರ್ಷಕ್ಕೆ ಎರಡು ಸಲ ಬಿಸಿಲು ಕಾಣುತ್ತದೆ. ಉಳಿದ ದಿನ ಡಿಜಿಟಲ್. "ಯಾಕವ್ವ, ಹತ್ತಿದು ಉಡಬಾರ್ದಾ, ಬ್ಯಾಸಿಗಿಗೆ ತಂಪು" ಎಂದು ಒಮ್ಮೆ ನಾನು ಪದವೀಧರನ ಗತ್ತಿನಲ್ಲಿ ಅಂದೆ. "ತಂಪು ಐತೆ, ಒಗದ್ರ ಒಣಗಾಕ ಒಂದ್ ದಿನ ಬೇಕು. ಇರಾವು ಎಲ್ಡ ಸೀರಿ. ಇದು ರಾತ್ರಿ ಹಿಂಡಿ ಹಾಕಿದ್ರ ನಸಿಕ್ಲೆ ಉಟ್ಕೊಂಡು ಹೋಗಬೌದು. ಗಂಜಿ ಬ್ಯಾಡ, ಇಸ್ತ್ರಿ ಬ್ಯಾಡ. ಮತ್ತ ಯಪ್ಪಾ, ಇದ್ರಾಗಿನ ಹೂವು ನೋಡು, ಗೌಡಸಾನಿ ಸೀರಿಮ್ಯಾಗೂ ಇಂಥಾವ ಇದ್ವು" ಅಂದಳು. ಆ ಕೊನೆಯ ಮಾತನ್ನು ಯಾವ ಸೌಂದರ್ಯಶಾಸ್ತ್ರದ ಪುಸ್ತಕದಲ್ಲೂ ನಾನು ಓದಿಲ್ಲ. ಗೌಡತಿಯ ಸೀರೆಯ ಹೂವು ಕೂಲಿಯವಳ ಸೀರೆಗೆ ಇಳಿದು ಬಂದದ್ದು ಈ ಯಂತ್ರದಿಂದ. ನಕಲು ಅನ್ನುವುದನ್ನು ನೈತಿಕ ಪಾಪ ಮಾಡಿ ಮಾತಾಡುವವರು, ಅಸಲು ಯಾರಿಗೆ ನಿಷಿದ್ಧವಾಗಿತ್ತು ಎಂಬುದನ್ನು ಮೊದಲು ಹೇಳಲಿ. (ಪಾಲಿಯೆಸ್ಟರ್ ಒಲೆಯ ಕಿಡಿಗೆ ಕರಗಿ ಮೈಗೆ ಅಂಟುತ್ತದೆ ಎಂಬುದನ್ನೂ ಹೇಳದಿದ್ದರೆ ತಪ್ಪಾದೀತು. ಕಟ್ಟಿಗೆ ಒಲೆ ಇರುವ ಮನೆಗಳಲ್ಲಿ ಇದು ಸಣ್ಣ ಮಾತಲ್ಲ.)

ನಕಲಿನ ಚರಿತ್ರೆಯೂ ಒಂದೇ ದಿಕ್ಕಿನದಲ್ಲ. ಇಂಗ್ಲೆಂಡು 1701ರಲ್ಲೂ 1721ರಲ್ಲೂ ಕಾಯ್ದೆ ತಂದು ನಮ್ಮ ಅಚ್ಚಿನ ಹತ್ತಿಬಟ್ಟೆಯನ್ನು ಕಟ್ಟಿಹಾಕಿತು. ಆ ಬಾಗಿಲ ಮರೆಯಲ್ಲಿ ಅದೇ ಬಟ್ಟೆಯನ್ನು ನಕಲು ಮಾಡುವುದನ್ನು ಕಲಿತು, 1783ರಲ್ಲಿ ಥಾಮಸ್ ಬೆಲ್ ಉರುಳೆ ಅಚ್ಚಿಗೆ ಹಕ್ಕುಪತ್ರ ಪಡೆದ ಮೇಲೆ ಯಂತ್ರದ ಚೀಟಿಬಟ್ಟೆಯನ್ನು ಜಗತ್ತಿಗೇ ಮಾರಿತು. ಇದು ದರೋಡೆಯ ಕಥೆ. ಆದರೆ ಡಚ್ಚರು ಜಾವಾದ ಬಾಟಿಕ್ಕನ್ನು ಯಂತ್ರದಲ್ಲಿ ನಕಲು ಮಾಡಿ ಮಾರಿದಾಗ, ಅದು ಪಶ್ಚಿಮ ಆಫ್ರಿಕಾ ಸೇರಿ ಅಲ್ಲಿಯ ಹೆಣ್ಣುಮಕ್ಕಳು ಅದಕ್ಕೆ ತಮ್ಮ ಹೆಸರು ಇಟ್ಟು, ತಮ್ಮ ಗಾದೆ ಹೊರಿಸಿ, ತಮ್ಮದೇ ಮಾಡಿಕೊಂಡರು. ನಕಲು ತೊಟ್ಟವರು ಅದಕ್ಕೆ ಹೊಸ ಅರ್ಥ ಕೊಟ್ಟರೆ ಅದು ನಕಲಾಗಿ ಉಳಿಯುವುದಿಲ್ಲ. ಆದ್ದರಿಂದ ನನ್ನ ಜಗಳ ಉಟ್ಟವಳ ಜೊತೆ ಇಲ್ಲ. ಯಂತ್ರದ ಜೊತೆಯೂ ಇಲ್ಲ. ಪರದೆ ಅಚ್ಚಿಗಿಂತ ಇದಕ್ಕೆ ನೀರು ಕಡಿಮೆ ಸಾಕು, ಬಣ್ಣದ ತೊಟ್ಟಿಯಲ್ಲಿ ಕೈ ಕೊಳೆಯುವವರು ಕಡಿಮೆಯಾಗುತ್ತಾರೆ. ಜಗಳ ಇರುವುದು ನಡುವೆ ನಿಂತವನ ಜೊತೆ. ಸೊಟ್ಟ ಹೊಲಿಗೆ ಹಾಕಿದವಳು ಇತ್ತ, ಸೊಟ್ಟ ಹೊಲಿಗೆಯ ಚಿತ್ರ ಉಟ್ಟವಳು ಅತ್ತ. ಇಬ್ಬರೂ ಕೂಲಿಯವರು. ಇಬ್ಬರೂ ಬಹುಮಟ್ಟಿಗೆ ಒಂದೇ ಜಿಲ್ಲೆಯವರು. ಫೋಟೋ ತೆಗೆದು ಕಡತ ಮಾಡಿಕೊಂಡವನು ಇವರಿಬ್ಬರ ನಡುವೆ ಕಾಣದೆ ನಿಂತಿದ್ದಾನೆ.

ಸಂಡೂರು ನಮಗೆ ದೂರವೇನಲ್ಲ. ಅಲ್ಲಿಯ ತಾಂಡಾಗಳ ಹೆಣ್ಣುಮಕ್ಕಳ ಕಸೂತಿಗೆ 'ಸಂಡೂರು ಲಂಬಾಣಿ ಕಸೂತಿ' ಎಂಬ ಹೆಸರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಸಂಡೂರು ಕುಶಲ ಕಲಾ ಕೇಂದ್ರ ಅವರ ಕೆಲಸವನ್ನು ಹೊರಗಿನ ಪೇಟೆಗೆ ಮುಟ್ಟಿಸುತ್ತ ಬಂದಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20ರ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಕೈಗೂಡಿಸಿದ 1,755 ವಸ್ತುಗಳನ್ನು ಪ್ರದರ್ಶನಕ್ಕಿಟ್ಟು ಗಿನ್ನೆಸ್ ದಾಖಲೆ ಬರೆಸಿದರು. ಪೇಪರುಗಳಲ್ಲಿ ಫೋಟೋ ಬಂತು. ದಾಖಲೆ ಬರೆದದ್ದು ವಸ್ತುಗಳ ಸಂಖ್ಯೆಗೆ. ಹೊಲಿಗೆ ಹಾಕಿದವರ ಹೆಸರು ಎಷ್ಟು ಜನ ಓದಿದರು?

ಈ ಜನದ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತುತ್ತಿದ್ದವರು. ರೈಲು ಬಂದು ಹೇರು ಹೋಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ಬಲೆ ಇಂಥ ಅಲೆಮಾರಿಗಳ ಮೇಲೇ ಬಿತ್ತು, ಅಲೆಯುವುದೇ ಅಪರಾಧವಾಯಿತು. ಹೊಲ ಇಲ್ಲ, ಮನೆ ಇಲ್ಲ, ಊರು ಇಲ್ಲದ ಹೆಣ್ಣು ತನ್ನ ಆಸ್ತಿಯನ್ನೆಲ್ಲ ಮೈಮೇಲೇ ಹೊತ್ತು ನಡೆದಳು: ನಾಣ್ಯ, ಕವಡೆ, ಕನ್ನಡಿ. ಫೇಟಿಯಾ, ಕಾಂಚಳಿಗಳ ಮೇಲೆ ಅವಳು ಹಾಕಿದ ಕೀಲನ್, ವೇಲೆ, ಮಾಕಿ, ನಾಕ್ರಾ ಎಂಬ ಹೊಲಿಗೆಗಳ ಹೆಸರುಗಳೇ ಒಂದು ಭಾಷೆ. ಹರಿದ ಚಿಂದಿಯನ್ನು ಚಿಂದಿಗೆ ಕೂಡಿಸಿ ಗಟ್ಟಿ ಮಾಡಲು ಹಾಕಿದ ಹೊಲಿಗೆ ಅದು. ಬಡತನ ಅದರ ವ್ಯಾಕರಣ. ಅದನ್ನು ಬರೀ 'ಬಣ್ಣಬಣ್ಣದ ಅಲಂಕಾರ' ಎಂದು ಕರೆಯುವ ಕಲಾವಿಮರ್ಶೆ ಎಷ್ಟು ಕುರುಡೋ, ಅದರ ಫೋಟೋವನ್ನು ಪಾಲಿಯೆಸ್ಟರಿಗೆ ಬಡಿಯುವ ವ್ಯಾಪಾರವೂ ಅಷ್ಟೇ ಕುರುಡು.

ಕಾನೂನು ಇದೆಯಲ್ಲ ಎನ್ನಬಹುದು. 1999ರಲ್ಲಿ ಬಂದು 2003ರಿಂದ ಜಾರಿಯಾದ ಭೌಗೋಳಿಕ ಗುರುತಿನ ಕಾಯ್ದೆ ಕಾಯುವುದು ಹೆಸರನ್ನು. ನಕಲಿಗೆ 'ಸಂಡೂರು ಲಂಬಾಣಿ' ಎಂದು ಚೀಟಿ ಅಂಟಿಸಿದರೆ ಹಿಡಿಯಬಹುದು. ಹೆಸರೇ ಹೇಳದೆ 'ಟ್ರೈಬಲ್ ಪ್ರಿಂಟ್', 'ಮಿರರ್ ಡಿಸೈನ್' ಎಂದು ಮಾರಿದರೆ? ಕೈಗೆ ಸಿಗುವುದಿಲ್ಲ. 2000ನೇ ಇಸವಿಯ ವಿನ್ಯಾಸ ಕಾಯ್ದೆ ಇದೆ. ಅದು ನೋಂದಾಯಿಸಿದ ವಿನ್ಯಾಸವನ್ನು ಹತ್ತು ವರ್ಷ, ಮತ್ತೆ ಕೇಳಿದರೆ ಇನ್ನೈದು ವರ್ಷ ಕಾಯುತ್ತದೆ. ಆದರೆ ವಿನ್ಯಾಸ ಹೊಸದಾಗಿರಬೇಕು. ಅಜ್ಜಿಯಿಂದ ಮೊಮ್ಮಗಳಿಗೆ ಬಂದದ್ದು ಹೊಸದಲ್ಲ. ಹಳೆಯದು, ಎಲ್ಲರದು, ಆದ್ದರಿಂದ ಯಾರದೂ ಅಲ್ಲ! ಈ ತರ್ಕ ನಮಗೆ ಚೆನ್ನಾಗಿ ಪರಿಚಯ. ಗೋಮಾಳ ಹೋದದ್ದೂ ಇದೇ ತರ್ಕದಲ್ಲಿ. ಅಮೆರಿಕದಲ್ಲಿ ನವಾಹೊ ಜನ ತಮ್ಮ ಹೆಸರನ್ನು ಬಟ್ಟೆಬರೆಗೆ ಬಳಸಿದ 'ಅರ್ಬನ್ ಔಟ್‌ಫಿಟರ್ಸ್' ಎಂಬ ದೊಡ್ಡ ಕಂಪನಿಯ ಮೇಲೆ 2012ರಲ್ಲಿ ದಾವೆ ಹೂಡಿ, 2016ರಲ್ಲಿ ರಾಜಿಗೆ ಎಳೆದು ತಂದರು. ಅವರಿಗೆ ತಮ್ಮದೇ ಒಂದು ಸರ್ಕಾರ ಇತ್ತು, ವಕೀಲರಿದ್ದರು. ತಾಂಡಾಕ್ಕೆ ಯಾರಿದ್ದಾರೆ?

ಸಾಹಿತ್ಯದವರು ಇದನ್ನು ಕೇಳಿ ಹೌಹಾರಬೇಕಿಲ್ಲ. ನಮ್ಮ ಜಾನಪದ ಸಂಗ್ರಹಗಳನ್ನೇ ತೆಗೆದು ನೋಡಿ. ಹಾಡಿದವಳು ಕೇರಿಯ ಮುದುಕಿ, ಪುಸ್ತಕದ ಮುಖಪುಟದ ಮೇಲೆ ಸಂಪಾದಕರ ಹೆಸರು, ಒಳಗೆ ಎಷ್ಟೋ ಸಲ 'ಸಂಗ್ರಹಿಸಿದ್ದು: ಬಳ್ಳಾರಿ ಜಿಲ್ಲೆ' ಎಂದಷ್ಟೇ. ಇದು ಕೂಡ ಸ್ಕ್ಯಾನ್ ಮಾಡಿದ ಕಸೂತಿಯೇ. ಅಲ್ಲೂ ಬೆನ್ನಿಲ್ಲ.

ಇನ್ನೊಂದು ಬಟ್ಟೆ, ಅದಕ್ಕೂ ನಮ್ಮ ಜಿಲ್ಲೆಗೂ ಹೊಕ್ಕುಳಬಳ್ಳಿಯ ಸಂಬಂಧ. ಬಳ್ಳಾರಿ ಜೀನ್ಸು. 2023ರ ಚುನಾವಣೆಯ ಹೊತ್ತಿಗೆ ಬಳ್ಳಾರಿಯನ್ನು ಜೀನ್ಸಿನ ರಾಜಧಾನಿ ಮಾಡುವ ಮಾತು ವೇದಿಕೆಯಿಂದ ಕೇಳಿಬಂತು. ಪೀಸಿಗಿಷ್ಟು ಎಂದು ಹೊಲಿಯುವವರಿಗೆ ಆ ಮಾತು ಹೊಟ್ಟೆಗೆ ಇಳಿದಿದೆಯೋ ಇಲ್ಲವೋ ಅವರನ್ನೇ ಕೇಳಬೇಕು. ನನ್ನ ಕುತೂಹಲ ಬೇರೆ. ಹೊಚ್ಚಹೊಸ ಪ್ಯಾಂಟಿನ ತೊಡೆ, ಮೊಣಕಾಲು ಸವೆದಂತೆ ಕಾಣುತ್ತದಲ್ಲ, ಅದು. ಜೀನ್ಸಿನ ನೂಲಿಗೆ ನೀಲಿ ಹತ್ತುವುದು ಹೊರಮೈಗೆ ಮಾತ್ರ, ತಿರುಳು ಬಿಳಿ. ಕೆರೆದರೆ ಬಿಳಿ ಮೇಲೆ ಬರುತ್ತದೆ. ಮೊದಲು ಇದನ್ನು ಮರಳು ಕಾಗದದಿಂದ ಉಜ್ಜಿ, ಪೊಟಾಸಿಯಂ ಪರ್ಮಾಂಗನೇಟ್ ಸಿಂಪಡಿಸಿ ಮಾಡಿಸುತ್ತಿದ್ದರು, ಈಗಲೂ ಮಾಡಿಸುತ್ತಾರೆ. ಟರ್ಕಿಯಲ್ಲಿ ಮರಳು ಎರಚಿ ಸವೆಸುವ ಕೆಲಸದಿಂದ ಹುಡುಗರ ಪುಪ್ಪುಸಗಳಿಗೆ ಸಿಲಿಕೋಸಿಸ್ ತಗುಲಿ ಸತ್ತ ಮೇಲೆ 2009ರಲ್ಲಿ ಅಲ್ಲಿ ಅದನ್ನು ನಿಷೇಧಿಸಿದರು. ಈಗ ಲೇಸರ್ ಬಂದಿದೆ. ಕಂಪ್ಯೂಟರಿನಲ್ಲಿ ಸವಕಳಿಯ ಚಿತ್ರ ಇರುತ್ತದೆ, ಬೆಳಕಿನ ಗೆರೆ ಅದನ್ನು ಬಟ್ಟೆಯ ಮೇಲೆ ಸುಡುತ್ತದೆ. ಶಾಯಿಯಿಲ್ಲದ ಡಿಜಿಟಲ್ ಅಚ್ಚು. ಕಾರ್ಮಿಕನ ಪುಪ್ಪುಸದ ದೃಷ್ಟಿಯಿಂದ ಇದು ಸಾವಿರ ಪಾಲು ವಾಸಿ. ಅದರಲ್ಲಿ ಎರಡು ಮಾತಿಲ್ಲ.

ಆದರೂ ಕೇಳಬೇಕಾದ್ದು ಇದೆ. ಅಚ್ಚಾಗುತ್ತಿರುವುದು ಯಾರ ಮೊಣಕಾಲು? ಮೊಣಕಾಲೂರಿ ದುಡಿದವನ, ಗಣಿಯಲ್ಲಿ ತೆವಳಿದವನ ಸವಕಳಿ ಅದು. ಮೊಣಕಾಲೂರದವನು ಅದನ್ನು ದುಡ್ಡು ಕೊಟ್ಟು ಕೊಂಡು ತೊಡುತ್ತಾನೆ. ನಮ್ಮಪ್ಪನ ಪ್ಯಾಂಟು ಹಾಗೆ ಸವೆದಿದ್ದಾಗ ಅದಕ್ಕೆ ಫ್ಯಾಶನ್ ಎಂಬ ಹೆಸರಿರಲಿಲ್ಲ.

ಈ ಮಾತು ನಮ್ಮ ಕಾವ್ಯಕ್ಕೂ ಬರುತ್ತದೆ. ಗೆಳೆಯರು ಸಿಟ್ಟಾಗಬಾರದು, ಸಿಟ್ಟಾದರೂ ಹೇಳಲೇಬೇಕು. ನಮ್ಮ ಪತ್ರಿಕೆಗಳಿಗೆ ಬರುವ ಕವಿತೆಗಳನ್ನು ರಾಶಿ ಹಾಕಿ ಓದಿದರೆ ಹಸಿವು, ನೆತ್ತರು, ಬೆಂಕಿ, ಸೂರ್ಯ, ಹರಿದ ಕಂಬಳಿ, ಅವ್ವನ ಬಿರಿದ ಹಿಮ್ಮಡಿ ಇವೆಲ್ಲ ಒಂದೆರಡು ಮೊಳಕ್ಕೊಮ್ಮೆ ಮರುಕಳಿಸುತ್ತವೆ. ಮೊದಲು ಬರೆದವನಿಗೆ ಆ ಹಿಮ್ಮಡಿ ಕಂಡಿತ್ತು. ಅವನು ಅದನ್ನು ಒತ್ತಿ ಎಣ್ಣೆ ಹಚ್ಚಿದ್ದ. ಆಮೇಲಿನವರು ಅವನ ಕವಿತೆಯ ಫೋಟೋ ತೆಗೆದರು. ಗಾಯದ ನೆರಳು ಬಂತು, ಗಾಯ ಬರಲಿಲ್ಲ. ಊರಲ್ಲಿ ಹತ್ತು ಎಕರೆ ಇರುವವನೂ, ಇಂಗ್ಲಿಷ್ ಶಾಲೆಯಲ್ಲಿ ಓದಿದವನೂ ಈಗ ಹಸಿವಿನ ಕವಿತೆಯನ್ನು ಲೇಸರಿನಲ್ಲಿ ಸುಟ್ಟು ಕೊಡಬಲ್ಲ, ವೇದಿಕೆಯಲ್ಲಿ ಚಪ್ಪಾಳೆಯೂ ಬೀಳುತ್ತದೆ. ನವ್ಯರ ಅನಾಥಪ್ರಜ್ಞೆ ಎರವಲು ತಂದದ್ದು ಎಂದು ಹೀಯಾಳಿಸಿದ ಚಳವಳಿ ನಮ್ಮದು. ನಮ್ಮ ಸಿಟ್ಟು ಎರವಲಾಗುತ್ತಿರುವಾಗ ಸುಮ್ಮನಿದ್ದರೆ ಆ ಹೀಯಾಳಿಕೆಗೆ ಅರ್ಥವೇನು? ಕವಿತೆಯನ್ನೂ ತಿರುಗಿಸಿ ನೋಡಬೇಕು. ಈ ಸಾಲಿನ ಹಿಂದೆ ದಾರ ಎಲ್ಲಿಂದ ಎಲ್ಲಿಗೆ ಹಾರಿದೆ? ಯಾವ ಊರು, ಯಾವ ಹೊಲ, ಎಷ್ಟು ಕೂಲಿ? ಗಂಟು ಎಲ್ಲಿದೆ? ಗ್ರಾಮೀಣ ಶಾಲೆಗಳಲ್ಲಿ ಪಾಠ ಹೇಳುವ ಗೆಳೆಯರು ಮಕ್ಕಳಿಗೆ ಕವಿತೆ ಹೇಳಿಕೊಡುವಾಗ ಈ ಪ್ರಶ್ನೆಗಳನ್ನು ಕೇಳಿ ನೋಡಲಿ. ಕೂಲಿಯವರ ಮಕ್ಕಳು ಬೇಗ ಉತ್ತರ ಹೇಳುತ್ತಾರೆಂದು ನನ್ನ ಅನುಭವ.

ಹಾಗಾದರೆ ಅಚ್ಚಿನ ಬಟ್ಟೆಯಲ್ಲಿ ನನಗೆ ಮೆಚ್ಚಿಗೆಯಾದದ್ದು ಯಾವುದೂ ಇಲ್ಲವೆ? ಇದೆ. ಏಪ್ರಿಲ್ 14ರಂದು ನಮ್ಮ ಹುಡುಗರು ತೊಡುವ ಬಾಬಾಸಾಹೇಬರ ಟೀಶರ್ಟು. ಬಳ್ಳಾರಿಯಲ್ಲಿ ಹತ್ತು ಬೇಕೆಂದರೂ ನೂರು ಬೇಕೆಂದರೂ ಅಚ್ಚು ಹಾಕಿಕೊಡುತ್ತಾರೆ. ಪರದೆ ಮಾಡಿಸುವ ಖರ್ಚಿಲ್ಲದ್ದರಿಂದ ಬಡ ಸಂಘಟನೆಗೂ ಎಟಕುತ್ತದೆ. ಆ ಟೀಶರ್ಟು ತಾನು ಅಚ್ಚು ಎಂಬುದನ್ನು ಮುಚ್ಚಿಡುವುದಿಲ್ಲ. ದಾರವೆಂದು, ಕನ್ನಡಿಯೆಂದು ನಟಿಸುವುದಿಲ್ಲ. ಎದೆಯ ಮೇಲೆ ಒಂದು ಮುಖ, ಒಂದು ಪುಸ್ತಕ, ಸೂಟು. ಮನು ಯಾರಿಗೆ ಹೆಣದ ಬಟ್ಟೆ ವಿಧಿಸಿದನೋ ಅವರ ಮೊಮ್ಮಕ್ಕಳು ಜೀವಂತ ಮುಖ ಹೊತ್ತ ಬಟ್ಟೆ ತೊಟ್ಟು ಊರ ನಡುಬೀದಿಯಲ್ಲಿ ನಡೆಯುತ್ತಾರೆ. ಇಲ್ಲಿ ಯಂತ್ರದ ಅಗ್ಗತನ ಒಂದು ಆಯುಧ. ಒಂದೇ ಕೊರಗು ಉಂಟು. ಮೊದಲು ಪೇಂಟರು ಕುಂಚ ಹಿಡಿದು ಬಟ್ಟೆಯ ಬ್ಯಾನರಿನ ಮೇಲೆ ಬಾಬಾಸಾಹೇಬರನ್ನು ಬರೆಯುತ್ತಿದ್ದಾಗ ಒಂದೊಂದು ಊರಿಗೆ ಒಬ್ಬೊಬ್ಬ ಅಂಬೇಡ್ಕರ್. ಒಂದೂರಲ್ಲಿ ಮೇಷ್ಟ್ರ ಮೂಗು, ಇನ್ನೊಂದೂರಲ್ಲಿ ಪೇಂಟರಿನ ಅಪ್ಪನ ಕಣ್ಣು. ಹೋಲಿಕೆ ತಪ್ಪಿದಾಗಲ್ಲೆಲ್ಲ ಅವರು ನಮ್ಮೂರಿನವರಾಗುತ್ತಿದ್ದರು. ಫ್ಲೆಕ್ಸ್ ಬಂದು ಆ ಪೇಂಟರುಗಳು ಮೂಲೆಗೆ ಬಿದ್ದರು. 2016ರ ಮಾರ್ಚ್‌ನಲ್ಲಿ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿದಾಗ ಕುಂಚ ಮರಳಿ ಬಂದೀತೆಂದು ಕೆಲವರು ನಂಬಿದರು. ಫ್ಲೆಕ್ಸೇ ಹೋಗಲಿಲ್ಲ, ಬಟ್ಟೆ ಬೇಕೆಂದವರಿಗೂ ಯಂತ್ರವೇ ಪಾಲಿಯೆಸ್ಟರಿನ ಮೇಲೆ ಒತ್ತಿ ಕೊಟ್ಟಿತು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ಮಾಡುವ ಖಾದಿ ಸಂಘ ಇದೆ. ಅಲ್ಲಿ ದುಡಿಯುವವರು ಬಹುಪಾಲು ಹೆಣ್ಣುಮಕ್ಕಳು. ಧ್ವಜದ ಅಶೋಕಚಕ್ರವನ್ನು ಎರಡೂ ಬದಿಗೆ ಅಚ್ಚು ಹಾಕಬೇಕು, ಎರಡೂ ಚಕ್ರ ಒಂದರ ಮೇಲೊಂದು ಕೂದಲೆಳೆ ತಪ್ಪದೆ ಕೂರಬೇಕು. ಅಚ್ಚು ಹಾಕಿಯೂ ಬೆನ್ನು ಉಳಿಸಿಕೊಂಡ ಬಟ್ಟೆ ಎಂದರೆ ಇದು. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟರು. ಮರುವರ್ಷ ಮನೆಮನೆಯಲ್ಲಿ ಧ್ವಜ ಹಾರಿಸಿ ಎಂದರು. ಹಾರಿದವುಗಳಲ್ಲಿ ಎಷ್ಟೋ ಬಾವುಟಗಳ ಚಕ್ರ ಸೊಟ್ಟಗಿತ್ತು, ಹಿಂಬದಿಯಲ್ಲಿ ಮಸುಕಾಗಿತ್ತು. ಮನೆಯೇ ಇಲ್ಲದವರು ಎಲ್ಲಿ ಹಾರಿಸಿದರೋ ಕಾಣೆ.

ಈಗ ಮಾಡಬೇಕಾದ ಕೆಲಸದ ಮಾತು. ಯಂತ್ರವನ್ನು ನಿಷೇಧಿಸಿ ಎಂದು ಕೇಳುವುದು ನಮ್ಮವ್ವನ ಮೈಮೇಲಿನ ಹೂವನ್ನು ಕಿತ್ತುಕೊಂಡಂತೆ. ನಾವು ಕೇಳಬೇಕಾದ್ದು ಎರಡು. ಕೈಮಗ್ಗಕ್ಕೆ, ರೇಷ್ಮೆಗೆ ಗುರುತಿನ ಮುದ್ರೆ ಇರುವ ಹಾಗೆ ಅಚ್ಚಿನ ಬಟ್ಟೆಯ ಅಂಚಿನಲ್ಲೂ ಓದಬರುವ ಅಕ್ಷರದಲ್ಲಿ, ಕನ್ನಡದಲ್ಲಿ, ಇದು ಅಚ್ಚು, ಮೂಲ ಕೆಲಸ ಇಂಥ ಊರಿನ ಇಂಥ ಜನರದು ಎಂದು ಇರಬೇಕು. ಆ ಮೂಲದವರ ಸಹಕಾರ ಸಂಘಕ್ಕೆ ಗಜಕ್ಕಿಷ್ಟು ಎಂದು ಪಾಲು ಹೋಗಬೇಕು. ಪಾಠ ಅಚ್ಚು ಹಾಕಿದ ಪ್ರಕಾಶಕ ಲೇಖಕನಿಗೆ ಗೌರವಧನ ಕೊಡಬೇಕೆಂಬುದು ನ್ಯಾಯವಾದರೆ, ಹೊಲಿಗೆ ಅಚ್ಚು ಹಾಕಿದವನು ಕೊಡಬಾರದೇಕೆ?

ಇನ್ನೊಂದು ನಾವೇ ಮಾಡಬಹುದಾದದ್ದು. ಸಂಡೂರು, ಕುರುಗೋಡು, ಸಿರುಗುಪ್ಪ ಕಡೆಯ ಕಾಲೇಜುಗಳಲ್ಲಿ ಓದುವ ತಾಂಡಾದ ಹುಡುಗಿಯರು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅಜ್ಜಿಯ ಫೇಟಿಯಾವನ್ನು ಸೂರತ್ತಿನವನು ಸ್ಕ್ಯಾನ್ ಮಾಡುವ ಮೊದಲು ಮೊಮ್ಮಗಳೇ ಮಾಡಲಿ. ಹೊಲಿಗೆಯ ಹೆಸರು ಬರೆಯಲಿ, ಅಜ್ಜಿಯ ಹೆಸರು ಬರೆಯಲಿ, ಊರು ಬರೆಯಲಿ, ತಾರೀಖು ಹಾಕಲಿ. ಮುಂಭಾಗದ ಚಿತ್ರದ ಜೊತೆಗೆ ಬೆನ್ನಿನ ಚಿತ್ರವನ್ನೂ ತೆಗೆದಿಡಲಿ. ಅಚ್ಚು ಹಾಕಬೇಕೋ ಬೇಡವೋ, ಯಾವುದನ್ನು ಹಾಕಬಹುದು, ಮದುವೆಯ ಹೊಲಿಗೆಯಂಥ ಯಾವುದನ್ನು ಮಾರಲೇಬಾರದು ಎಂಬುದನ್ನು ತಾಂಡಾದ ಹೆಂಗಸರೇ ಕೂತು ತೀರ್ಮಾನಿಸಲಿ. ಈ ಕೆಲಸಕ್ಕೆ ಕೈಹಾಕುವ ವಿದ್ಯಾರ್ಥಿಗಳು ಮೊದಲು ಒಬ್ಬ ಅಜ್ಜಿಯ ಒಂದು ಕಾಂಚಳಿಯಿಂದ ಶುರುಮಾಡಬಹುದು. ಒಂದು ಫೋನು, ಒಂದು ನೋಟ್‌ಬುಕ್ಕು ಸಾಕು.